ಪ್ರೌಢಶಾಲೆಯ ಮಕ್ಕಳು ಮತ್ತು ಗಣಿತ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು: ಪ್ರೌಢಶಾಲೆಗೆ ಬಂದ ಮಕ್ಕಳಿಗೆ ಗಣಿತದ ಮೇಲಿನ ಆಸಕ್ತಿ ಕುಂದುತ್ತದೆ, ಅದನ್ನು ಮತ್ತೆ ಮೂಡಿಸುವುದು ಹೇಗೆ? ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಕೆಲವನ್ನು ಆಯ್ದುಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಗಣಿತ ಬೋಧಿಸುತ್ತೇನೆ. ಮಕ್ಕಳಲ್ಲಿ ಆಸಕ್ತಿ ಹುಟ್ಟಲಿ ಎಂದು ಒಗಟು, ಮಾಯಾಚೌಕ, ಚಿಕ್ಕ ವಿಡಿಯೊ ಮುಂತಾದವುಗಳಿಂದ ಪಾಠ ಆರಂಭಿಸುತ್ತೇನೆ. ಆ ಹೊತ್ತು ಎಲ್ಲರೂ ಉತ್ಸಾಹದಿಂದ ಇರುತ್ತಾರೆ. ಪಠ್ಯಪುಸ್ತಕ ತೆರೆದೊಡನೆ ಮುಖಗಳು ಬಾಡುತ್ತವೆ. ನನ್ನ ಪ್ರಯತ್ನದಲ್ಲಿ ಏನು ಕೊರತೆಯಿದೆ?
— ಒಬ್ಬ ಶಿಕ್ಷಕಿ

ಉತ್ತರ: ನಿಮ್ಮ ಶ್ರಮದಲ್ಲಿ ಕೊರತೆಯಿಲ್ಲ, ಒಗಟನ್ನು ಇಟ್ಟಿರುವ ಜಾಗ ಸರಿಯಿಲ್ಲ ಎಂದು ನನಗೆ ಅನ್ನಿಸುತ್ತದೆ. ಒಗಟು ಬೇರೆ, ಪಾಠ ಬೇರೆ ಎಂದಾದಾಗ, ಗಣಿತ ಎಂಬುದು ಕಹಿ ಔಷಧ, ಅದನ್ನು ನುಂಗಿಸುವುದಕ್ಕೆ ಮೇಡಂ ಮೊದಲು ನಾಲಗೆಗೆ ಸ್ವಲ್ಪ ಸಿಹಿ ಸವರುತ್ತಾರೆ ಎಂಬ ತೀರ್ಮಾನಕ್ಕೆ ಮಕ್ಕಳು ಬಹುಬೇಗ ಬರುತ್ತಾರೆ. ಆಸಕ್ತಿ ಮೊದಲು ಹುಟ್ಟಬೇಕು, ತಿಳಿವಳಿಕೆ ಆಮೇಲೆ ತಾನಾಗಿ ಬರುತ್ತದೆ ಎಂದು ನಾವು ನಂಬಿರುತ್ತೇವೆ. ತರಗತಿಯಲ್ಲಿ ಬಹಳಮಟ್ಟಿಗೆ ನಡೆಯುವುದು ಇದಕ್ಕೆ ತಿರುವುಮುರುವಾಗಿ. ತಾನೇ ಏನನ್ನೋ ಕಂಡುಕೊಂಡ ವಿದ್ಯಾರ್ಥಿ, ಇಲ್ಲವೇ ತಾನು ಖಚಿತವೆಂದು ತಿಳಿದಿದ್ದು ಕಣ್ಣೆದುರೇ ಸುಳ್ಳಾದುದನ್ನು ಕಂಡ ವಿದ್ಯಾರ್ಥಿ, ಮುಂದಿನ ಪ್ರಶ್ನೆಯನ್ನು ಯಾರೂ ಹೇಳದೆಯೇ ಕೇಳುತ್ತಾನೆ. ಆದ್ದರಿಂದ ಕುತೂಹಲ ಹುಟ್ಟಬೇಕಾದುದು ಆ ದಿನದ ಪಾಠದಲ್ಲೇ, ಪಠ್ಯದಲ್ಲಿರುವ ಆ ಸೂತ್ರದಲ್ಲೇ.

ನೀವು ಹೇಗೂ ಕಲಿಸಬೇಕಾದ (a+b)² ಎಂಬ ನಿತ್ಯಸಮೀಕರಣವನ್ನೇ ತೆಗೆದುಕೊಳ್ಳೋಣ. ಅದನ್ನು ಕಪ್ಪುಹಲಗೆಯ ಮೇಲೆ ಬರೆದು, ವಿಸ್ತರಿಸಿ ತೋರಿಸಿ, ಹತ್ತು ಲೆಕ್ಕ ಮಾಡಿಸುವುದು ವಾಡಿಕೆ. ಎಷ್ಟೇ ಅಭ್ಯಾಸ ಮಾಡಿಸಿದರೂ ಪರೀಕ್ಷೆಯಲ್ಲಿ ತರಗತಿಯ ಒಂದು ಭಾಗ a²+b² ಎಂದೇ ಬರೆದಿರುತ್ತದೆ ಎಂಬುದು ನಿಮಗೆ ಗೊತ್ತಿರುವ ಸಂಗತಿ. ಹಾಗಾದರೆ ಆ ತಪ್ಪಿನಿಂದಲೇ ಏಕೆ ಆರಂಭಿಸಬಾರದು? ‘(a+b)² ಮತ್ತು a²+b² ಎರಡೂ ಒಂದೇ ಎಂದು ನನ್ನ ವಾದ, ನೀವೇನೆನ್ನುತ್ತೀರಿ?’ ಎಂದು ಕೇಳಿ, ಪ್ರತಿಯೊಬ್ಬರಿಂದಲೂ ಹೌದು ಅಥವಾ ಅಲ್ಲ ಎಂದು ಬರೆಸಿ. 3 ಮತ್ತು 4ನ್ನು ಹಾಕಿ ನೋಡಿದರೆ ಒಂದು ಕಡೆ 49, ಇನ್ನೊಂದು ಕಡೆ 25 ಬರುತ್ತದೆ. ಉಳಿದ 24 ಎಲ್ಲಿ ಹೋಯಿತು? 7 ಮೂಲಮಾನ ಬಾಹುವಿನ ಚೌಕವೊಂದನ್ನು ಚೌಕುಳಿ ಹಾಳೆಯಲ್ಲಿ ಬರೆದು, ಒಂದು ಮೂಲೆಯಲ್ಲಿ 3ರ ಚೌಕವನ್ನೂ ಎದುರು ಮೂಲೆಯಲ್ಲಿ 4ರ ಚೌಕವನ್ನೂ ಬಣ್ಣದಿಂದ ತುಂಬಿಸಿದರೆ, ತಲಾ 12 ಚೌಕುಳಿಗಳ ಎರಡು ಆಯತಗಳು ಖಾಲಿ ಉಳಿಯುತ್ತವೆ. 2ab ಎಂಬ ಪದವನ್ನು ನೀವು ಹೇಳಿಕೊಡುವ ಮೊದಲೇ ತರಗತಿ ಅದನ್ನು ಕಂಡಿರುತ್ತದೆ. ಇಲ್ಲಿಗೆ ನಿಲ್ಲಿಸದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು: ಎರಡೂ ಕಡೆ ಸಮವಾಗುವಂತಹ ಸಂಖ್ಯೆಗಳು ಇವೆಯೇ ಇಲ್ಲವೇ? ಸೊನ್ನೆ ಹಾಕಿದರೆ ಆಗುತ್ತದೆ ಎಂದು ಕೂಗಿ ಹೇಳುವವರು ಹಿಂದಿನ ಬೆಂಚಿನವರೇ ಆಗಿರಬಹುದು.

ಇನ್ನೊಂದು ಚಟುವಟಿಕೆ ಪಠ್ಯದ ಹೊರಗಿನದು, ಆದರೂ ಅದಕ್ಕೆ ಒಂದು ಅವಧಿ ಮೀಸಲಿಡುವುದು ಸಾರ್ಥಕ. ಒಂದು ವೃತ್ತದ ಪರಿಧಿಯ ಮೇಲೆ ಬಿಂದುಗಳನ್ನು ಗುರುತಿಸಿ, ಪ್ರತಿಯೊಂದು ಬಿಂದುವನ್ನೂ ಉಳಿದ ಎಲ್ಲ ಬಿಂದುಗಳಿಗೆ ಸರಳರೇಖೆಯಿಂದ ಸೇರಿಸಿದರೆ ವೃತ್ತ ಎಷ್ಟು ಭಾಗಗಳಾಗುತ್ತದೆ ಎಂದು ಎಣಿಸಬೇಕು. ಒಂದು ಬಿಂದುವಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಇಷ್ಟು ಹೊತ್ತಿಗೆ ಇಡೀ ತರಗತಿ ಮುಂದಿನದು 32 ಎಂದು ಕೂಗುತ್ತಿರುತ್ತದೆ; ಎಣಿಸುವ ತೊಂದರೆ ಏಕೆ ಎಂದು ಕೆಲವರು ಪೆನ್ನು ಕೆಳಗಿಡುತ್ತಾರೆ. ನೀವು ಎಣಿಸಲೇಬೇಕು ಎಂದು ಹಟ ಹಿಡಿಯಿರಿ. ಎಷ್ಟು ಸಲ ಎಣಿಸಿದರೂ 31ಕ್ಕಿಂತ ಹೆಚ್ಚು ಭಾಗಗಳು ಸಿಗುವುದಿಲ್ಲ. ಬಿಂದುಗಳನ್ನು ಸಮಾನ ಅಂತರದಲ್ಲಿ ಇಟ್ಟವರಿಗಂತೂ ಮೂರು ರೇಖೆಗಳು ಕೇಂದ್ರದಲ್ಲಿ ಒಂದೇ ಕಡೆ ಕೂಡುವುದರಿಂದ 30 ಮಾತ್ರ ಬರುತ್ತದೆ. ಆಗ ತರಗತಿಯಲ್ಲಿ ಏಳುವ ಗಲಾಟೆಯನ್ನು ದಯವಿಟ್ಟು ತಡೆಯಬೇಡಿ. ಯಾರ ಎಣಿಕೆ ತಪ್ಪು, ಏಕೆ ತಪ್ಪು ಎಂಬ ಜಗಳ ಮುಗಿದ ಮೇಲೆ, ಭಾಗಗಳ ಸಂಖ್ಯೆ ಎಂದರೆ ಒಂದಕ್ಕೆ ಜ್ಯಾಗಳ (ಬಿಂದುಗಳನ್ನು ಸೇರಿಸುವ ಆ ರೇಖೆಗಳ) ಸಂಖ್ಯೆಯನ್ನೂ ಅವು ಒಳಗೆ ಛೇದಿಸುವ ಬಿಂದುಗಳ ಸಂಖ್ಯೆಯನ್ನೂ ಕೂಡಿಸಿದ್ದು ಎಂಬ ಸುಳಿವನ್ನು ಕೊಡಬಹುದು: ಆರು ಬಿಂದುಗಳಿಗೆ 15 ಜ್ಯಾಗಳು, 15 ಛೇದನ ಬಿಂದುಗಳು, ಒಟ್ಟು 31. ಹೊಸದಾಗಿ ಎಳೆದ ರೇಖೆಯೊಂದು ಭಾಗಗಳನ್ನು ಎಷ್ಟು ಹೆಚ್ಚಿಸುತ್ತದೆ ಎಂದು ಗಮನಿಸುತ್ತ ಹೋದರೆ ಈ ಸುಳಿವು ಏಕೆ ಸರಿ ಎಂಬುದನ್ನು ಚುರುಕಾದವರು ತಾವೇ ಕಂಡುಹಿಡಿಯುತ್ತಾರೆ. ಐದು ಉದಾಹರಣೆಗಳು ಹೊಂದಿದ ಮಾತ್ರಕ್ಕೆ ನಿಯಮ ಸಿದ್ಧವಾಗುವುದಿಲ್ಲ ಎಂಬುದನ್ನು ಇದರಷ್ಟು ಚೆನ್ನಾಗಿ ಮನಗಾಣಿಸುವ ಬೇರೊಂದು ಚಿತ್ರ ನನಗೆ ತಿಳಿದಿಲ್ಲ.

ಇನ್ನೊಂದು ಮಾತು. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರು ವಿಜ್ಞಾನದ ತರಗತಿಗಳನ್ನು ಅಭ್ಯಸಿಸಿ, ಶಿಕ್ಷಕರು ಪ್ರಶ್ನೆಯೊಂದನ್ನು ಕೇಳಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ ಎಂಬುದನ್ನೂ, ಆ ಕಾಯುವಿಕೆ ಮೂರು ಸೆಕೆಂಡು ದಾಟಿದಾಗ ಉತ್ತರಗಳು ದೀರ್ಘವಾಗಿ, ಸುಮ್ಮನಿರುತ್ತಿದ್ದವರೂ ಬಾಯಿ ತೆರೆಯುತ್ತಾರೆ ಎಂಬುದನ್ನೂ 1970ರ ದಶಕದಲ್ಲೇ ತೋರಿಸಿದ್ದರು. ಗಣಿತದ ತರಗತಿಯಲ್ಲಿ ಮೂರು ಸೆಕೆಂಡೂ ಸಾಲದು. ಕೆಲವು ಪ್ರಶ್ನೆಗಳಿಗೆ ಒಂದು ರಾತ್ರಿಯನ್ನೇ ಕೊಡಬೇಕಾಗುತ್ತದೆ.

ಪ್ರಶ್ನೆ: ವರ್ಗಸಮೀಕರಣ ನನ್ನ ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ? ಶಿಕ್ಷಕರನ್ನು ಕೇಳಿದರೆ ‘ಪರೀಕ್ಷೆಯಲ್ಲಿ’ ಎನ್ನುತ್ತಾರೆ.
— ಹತ್ತನೆಯ ತರಗತಿಯ ವಿದ್ಯಾರ್ಥಿ

ಉತ್ತರ: ನಿನ್ನ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಪ್ರಾಮಾಣಿಕವಾದ ಉತ್ತರ ಸಿಗಬೇಕು. ಶಾಲೆ ಬಿಟ್ಟ ಮೇಲೆ ಒಂದೇ ಒಂದು ವರ್ಗಸಮೀಕರಣವನ್ನೂ ಬಿಡಿಸದೆ ಸುಖವಾಗಿ ಬದುಕುವವರು ಬಹಳ ಮಂದಿ ಇದ್ದಾರೆ. ತಂದೆ ಮತ್ತು ಮಗನ ವಯಸ್ಸುಗಳ ಗುಣಲಬ್ಧವನ್ನು ಕೊಟ್ಟು ಅವರ ವಯಸ್ಸು ಕೇಳುವ ಲೆಕ್ಕಗಳನ್ನು ‘ನಿತ್ಯಜೀವನದ ಉಪಯೋಗ’ ಎಂದು ಯಾರಾದರೂ ಹೇಳಿದರೆ ನೀನು ನಂಬಬೇಕಾಗಿಲ್ಲ. ವಯಸ್ಸನ್ನು ತಿಳಿಯಲು ಅವರನ್ನೇ ಕೇಳಬಹುದು. ಆದರೆ ವರ್ಗ ಎಂಬ ಸಂಬಂಧ ನಿನ್ನ ಸುತ್ತಲೇ ಇದೆ. ವಾಹನದ ವೇಗ ಎರಡರಷ್ಟಾದರೆ, ಬ್ರೇಕು ಹಿಡಿದ ಮೇಲೆ ಅದು ನಿಲ್ಲುವವರೆಗೆ ಸಾಗುವ ದೂರ ಎರಡರಷ್ಟಲ್ಲ, ಸುಮಾರು ನಾಲ್ಕರಷ್ಟಾಗುತ್ತದೆ. ಮೇಲಕ್ಕೆಸೆದ ಚೆಂಡು ಯಾವ ಕ್ಷಣದಲ್ಲಿ ಎಷ್ಟು ಎತ್ತರದಲ್ಲಿರುತ್ತದೆ ಎಂಬುದಕ್ಕೂ ಇದೇ ಬಗೆಯ ಸಮೀಕರಣ ಬೇಕು; ಒಂದೇ ಎತ್ತರಕ್ಕೆ ಎರಡು ಉತ್ತರಗಳು ಏಕೆ ಬರುತ್ತವೆ ಎಂದರೆ ಚೆಂಡು ಆ ಎತ್ತರವನ್ನು ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಹಾಯುತ್ತದೆ. ಎರಡು ಮೂಲಗಳನ್ನು ಬರೆದು ಒಂದನ್ನು ಸುಮ್ಮನೆ ಹೊಡೆದುಹಾಕುವ ಮೊದಲು ಅದರ ಅರ್ಥವೇನು ಎಂದು ಒಂದು ಗಳಿಗೆ ಯೋಚಿಸು.

ಉಪಯೋಗದ ವಿಚಾರದಲ್ಲಿ ಮುಂಚಿತವಾಗಿ ಏನನ್ನೂ ಹೇಳುವುದು ಕಷ್ಟ. ಅವಿಭಾಜ್ಯ ಸಂಖ್ಯೆಗಳನ್ನು ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಜನ ಕೇವಲ ಕುತೂಹಲದಿಂದ ಅಭ್ಯಸಿಸಿದರು. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಎಂಬ ಮೂವರು, ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧವನ್ನು ಮತ್ತೆ ಒಡೆಯುವುದು ಮಾತ್ರ ಬಹಳ ಕಷ್ಟ ಎಂಬ ಸಂಗತಿಯನ್ನೇ ಆಧರಿಸಿ ಗುಪ್ತಲಿಪಿಯ ವಿಧಾನವೊಂದನ್ನು ರಚಿಸಿದರು. ಅಂತರ್ಜಾಲದಲ್ಲಿ ಮಾಹಿತಿಯನ್ನು ಗುಟ್ಟಾಗಿ ಕಳುಹಿಸುವುದಕ್ಕೆ ಅದು ವ್ಯಾಪಕವಾಗಿ ಬಳಕೆಗೆ ಬಂತು.

ಉಪಯೋಗವನ್ನು ಒಂದು ಸಂಜೆಯ ಮಟ್ಟಿಗೆ ಮರೆಯಲು ಸಿದ್ಧನಿದ್ದರೆ ಇದನ್ನು ಮಾಡಿ ನೋಡು. ಯಾವುದಾದರೂ ಪೂರ್ಣಸಂಖ್ಯೆಯನ್ನು ತೆಗೆದುಕೊ, ಸೊನ್ನೆಯನ್ನು ಬಿಟ್ಟು. ಅದು ಸಮವಾಗಿದ್ದರೆ ಅರ್ಧ ಮಾಡು, ಬೆಸವಾಗಿದ್ದರೆ ಮೂರರಿಂದ ಗುಣಿಸಿ ಒಂದು ಕೂಡಿಸು, ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡು. 6ರಿಂದ ಹೊರಟರೆ 3, 10, 5, 16, 8, 4, 2, 1 ಎಂದು ಬೇಗ ಒಂದಕ್ಕೆ ಬಂದು ಮುಟ್ಟುತ್ತೀಯ. 27ರಿಂದ ಹೊರಡು: 9232ರಷ್ಟು ಎತ್ತರಕ್ಕೆ ಏರಿ, 111 ಹೆಜ್ಜೆಗಳ ನಂತರ ಅದೂ ಒಂದಕ್ಕೇ ಬರುತ್ತದೆ. ಎಲ್ಲ ಸಂಖ್ಯೆಗಳೂ ಹೀಗೆ ಒಂದಕ್ಕೆ ಬಂದೇ ಬರುತ್ತವೆಯೇ ಎಂಬುದನ್ನು ಇದುವರೆಗೆ ಯಾರೂ ಸಾಧಿಸಿಲ್ಲ. ಕೂಡುವುದು, ಗುಣಿಸುವುದು, ಅರ್ಧಮಾಡುವುದು ಮಾತ್ರ ಗೊತ್ತಿದ್ದರೂ ಅರ್ಥವಾಗುವ ಈ ಪ್ರಶ್ನೆಗೆ ಜಗತ್ತಿನಲ್ಲಿ ಯಾರ ಬಳಿಯೂ ಉತ್ತರವಿಲ್ಲ.

ಪ್ರಶ್ನೆ: ನನ್ನ ಮಗಳು ಎಂಟನೆಯ ತರಗತಿಯಲ್ಲಿದ್ದಾಳೆ. ನನಗೂ ಓದುವ ಕಾಲದಲ್ಲಿ ಗಣಿತ ತಲೆಗೆ ಹತ್ತುತ್ತಿರಲಿಲ್ಲ, ಅವಳೂ ನನ್ನ ಹಾಗೆಯೇ. ಮನೆಗೆಲಸದ ಲೆಕ್ಕ ಹಿಡಿದು ಕುಳಿತರೆ ಅದು ಇಬ್ಬರ ಜಗಳದಲ್ಲಿ ಮುಗಿಯುತ್ತದೆ. ಅವಳಲ್ಲಿ ಆಸಕ್ತಿ ಹುಟ್ಟಿಸುವುದು ಹೇಗೆ?
— ಒಬ್ಬ ತಾಯಿ

ಉತ್ತರ: ಅಮ್ಮಾ, ‘ಅವಳೂ ನನ್ನ ಹಾಗೆಯೇ’ ಎಂಬ ಮಾತನ್ನು ಮೊದಲು ಬಿಟ್ಟುಬಿಡಿ, ಅದರಲ್ಲೂ ಅವಳಿಗೆ ಕೇಳಿಸುವ ಹಾಗೆ ಆಡಬೇಡಿ. ಗಣಿತವೆಂದರೆ ಅಂಜುವ ತಂದೆತಾಯಿಯರು ಮನೆಗೆಲಸದಲ್ಲಿ ಪದೇ ಪದೇ ನೆರವಾದಾಗ, ಆ ಮಕ್ಕಳು ವರ್ಷದ ಕೊನೆಗೆ ಕಡಿಮೆ ಗಣಿತ ಕಲಿತಿದ್ದರು ಮತ್ತು ಹೆಚ್ಚು ಅಂಜುತ್ತಿದ್ದರು ಎಂಬುದನ್ನು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದು ಒಂದು ಮತ್ತು ಎರಡನೆಯ ತರಗತಿಯ ಮಕ್ಕಳನ್ನು ಕುರಿತದ್ದು ನಿಜ, ಆದರೂ ನಿಮ್ಮ ಮನೆಯ ಜಗಳಕ್ಕೆ ಅದು ಹೊಂದುವಂತಿದೆ. ಅಂಜಿಕೆ ಕೇವಲ ಮನಸ್ಸಿನ ಅಳುಕಲ್ಲ: ಲೆಕ್ಕ ಮಾಡುವಾಗ ಮಧ್ಯದ ಸಂಖ್ಯೆಗಳನ್ನು ತಾತ್ಕಾಲಿಕವಾಗಿ ನೆನಪಿನಲ್ಲಿ ಹಿಡಿದಿಡುವ ಶಕ್ತಿಯನ್ನೇ ಅದು ಕಬಳಿಸುತ್ತದೆ. ಗೊತ್ತಿದ್ದ ಲೆಕ್ಕವೂ ನೀವು ಪಕ್ಕದಲ್ಲಿ ನಿಂತಾಗ ಅವಳಿಗೆ ಬಾರದಿರುವುದಕ್ಕೆ ಇದು ಒಂದು ಕಾರಣವಾಗಿರಬಹುದು.

ಕಲಿಸುವವರ ಸ್ಥಾನದಿಂದ ಎದ್ದು ಕೇಳುವವರ ಸ್ಥಾನದಲ್ಲಿ ಕುಳಿತುಕೊಳ್ಳಿ. ‘ನನಗೆ ಇದು ಗೊತ್ತಿಲ್ಲ, ನಿನಗೆ ತಿಳಿದಷ್ಟು ಹೇಳು’ ಎನ್ನಿ. ಅವಳು ಎಲ್ಲಿ ತಡವರಿಸುತ್ತಾಳೆ ಎಂಬುದನ್ನು ಗಮನಿಸಿ. ಎಂಟನೆಯ ತರಗತಿಯ ಬೀಜಗಣಿತ ಬರುವುದಿಲ್ಲ ಎನ್ನುವ ಎಷ್ಟೋ ಮಕ್ಕಳ ನಿಜವಾದ ತೊಡಕು ಬೀಜಗಣಿತದಲ್ಲಿರದೆ, ಎರಡು ಮೂರು ವರ್ಷ ಹಿಂದಿನ ಭಿನ್ನರಾಶಿಯಲ್ಲಿ ಅಥವಾ ಋಣಸಂಖ್ಯೆಯಲ್ಲಿ ಇರುತ್ತದೆ. 3/7 ಮತ್ತು 3/8ರಲ್ಲಿ ಯಾವುದು ದೊಡ್ಡದು, 3/4ಕ್ಕೆ 1/2 ಕೂಡಿಸಿದರೆ ಉತ್ತರ ಒಂದಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಲೆಕ್ಕ ಮಾಡದೆ ಹೇಳಲು ತಿಳಿಸಿ. ಕೂಡಿಸಿದರೆ 4/6 ಎಂದು ಅವಳು ಉತ್ತರಿಸಿದರೆ, ಮೊದಲಿದ್ದ 3/4ಕ್ಕಿಂತ 4/6 ಚಿಕ್ಕದಲ್ಲವೇ, ಕೂಡಿಸಿದ ಮೇಲೆ ಕಡಿಮೆಯಾದದ್ದು ಹೇಗೆ ಎಂದು ಕೇಳಿದರೆ ಸಾಕು. ಇಂತಹ ತೊಡಕು ಕಂಡುಬಂದರೆ ಅವಳ ಶಿಕ್ಷಕರಿಗೆ ತಿಳಿಸಿ, ಆರನೆಯ ತರಗತಿಯ ಪುಸ್ತಕದ ಆ ಒಂದು ಅಧ್ಯಾಯವನ್ನು ಮತ್ತೆ ಓದಿಸಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಹಿಂದಿನ ಗಂಟು ಬಿಡಿಸದೆ ಆಸಕ್ತಿಯ ಮಾತು ಎತ್ತುವುದು ಮಾತ್ರ ವ್ಯರ್ಥ.

ಗಣಿತದ ಅತ್ಯುನ್ನತ ಗೌರವಗಳಲ್ಲಿ ಒಂದಾದ ಫೀಲ್ಡ್ಸ್ ಪದಕವನ್ನು 2014ರಲ್ಲಿ ಪಡೆದು, ಆ ಪದಕ ಪಡೆದ ಮೊದಲ ಮಹಿಳೆಯೆನಿಸಿದ ಇರಾನಿನ ಮರಿಯಂ ಮಿರ್ಜಾಖಾನಿ ಅವರು, ಮಾಧ್ಯಮಿಕ ಶಾಲೆಯ ಮೊದಲ ವರ್ಷದಲ್ಲಿ ಗಣಿತದಲ್ಲಿ ಹಿಂದುಳಿದಿದ್ದರು. ತಮ್ಮಲ್ಲಿ ವಿಶೇಷ ಪ್ರತಿಭೆಯಿದೆ ಎಂದು ಆಗಿನ ಶಿಕ್ಷಕಿ ಭಾವಿಸಿರಲಿಲ್ಲ, ಅದರಿಂದ ಆಸಕ್ತಿಯೂ ಹೋಯಿತು, ಮರುವರ್ಷ ಹುರಿದುಂಬಿಸುವ ಬೇರೊಬ್ಬ ಶಿಕ್ಷಕಿ ಸಿಕ್ಕಿದರು ಎಂದು ಅವರೇ ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ. ಎಲ್ಲ ಹುಡುಗಿಯರೂ ಫೀಲ್ಡ್ಸ್ ಪದಕ ಗೆಲ್ಲಬೇಕೆಂದು ಇದನ್ನು ಹೇಳುತ್ತಿಲ್ಲ. ಹದಿಮೂರನೆಯ ವಯಸ್ಸಿನ ಅಂಕಪಟ್ಟಿಯಿಂದ ಯಾರನ್ನೂ ಅಳೆದು ಮುಗಿಸಬಾರದು ಎಂಬುದಷ್ಟೇ ನನ್ನ ಅಭಿಪ್ರಾಯ.

ಪ್ರಶ್ನೆ: ಋಣಸಂಖ್ಯೆಯನ್ನು ಋಣಸಂಖ್ಯೆಯಿಂದ ಗುಣಿಸಿದರೆ ಧನಸಂಖ್ಯೆ ಏಕೆ ಬರುತ್ತದೆ ಎಂದು ಮಕ್ಕಳು ಕೇಳುತ್ತಾರೆ. ‘ಅದು ನಿಯಮ’ ಎಂದು ಹೇಳಿ ಮುಂದೆ ಹೋಗುತ್ತೇನೆ. ಪ್ರತಿಯೊಂದಕ್ಕೂ ಕಾರಣ ವಿವರಿಸುತ್ತ ಹೋದರೆ ಪಾಠಗಳು ಮುಗಿಯುವುದಿಲ್ಲವಲ್ಲ?
— ಒಬ್ಬ ಶಿಕ್ಷಕ

ಉತ್ತರ: ನಿಮ್ಮ ಮಕ್ಕಳು ಇನ್ನೂ ಏಕೆ ಎಂದು ಕೇಳುತ್ತಿದ್ದಾರೆ, ಆದ್ದರಿಂದ ಆಸಕ್ತಿ ಎಲ್ಲಿಂದ ತರುವುದು ಎಂಬ ಚಿಂತೆ ನಿಮಗಿಲ್ಲ, ಇರುವುದನ್ನು ಉಳಿಸಿಕೊಂಡರೆ ಸಾಕು. ಎರಡು ಸಾಲಗಳ ಗುಣಲಬ್ಧ ಆಸ್ತಿ ಎಂಬ ಅರ್ಥದ ನಿಯಮವನ್ನು ಬ್ರಹ್ಮಗುಪ್ತ 628ರಲ್ಲೇ ಬರೆದಿಟ್ಟಿದ್ದ. ಅದಾಗಿ ಸಾವಿರ ವರ್ಷ ಕಳೆದ ಮೇಲೂ, 18ನೆಯ ಶತಮಾನದಲ್ಲಿ, ಯುರೋಪಿನ ಕೆಲವು ಗಣಿತಜ್ಞರು ಋಣಸಂಖ್ಯೆಗಳನ್ನೇ ಒಪ್ಪಲು ಹಿಂಜರಿಯುತ್ತಿದ್ದರು. ಅವರಿಗೆ ಬಂದ ಸಂದೇಹವೇ ನಿಮ್ಮ ವಿದ್ಯಾರ್ಥಿಗೂ ಬಂದಿದೆ ಎಂದು ಅವನಿಗೆ ಹೇಳಿ, ಅವನ ಬೆನ್ನು ನೇರವಾಗುತ್ತದೆ.

ವಿವರಣೆಗೆ ಹತ್ತು ನಿಮಿಷ ಸಾಕು. (−4)ನ್ನು 3, 2, 1, 0ಗಳಿಂದ ಗುಣಿಸಿದರೆ −12, −8, −4, 0 ಬರುತ್ತದೆ. ಪ್ರತಿ ಹೆಜ್ಜೆಗೂ ಉತ್ತರ ನಾಲ್ಕು ಹೆಚ್ಚುತ್ತಿದೆ. ಮುಂದಿನ ಹೆಜ್ಜೆ −1ರಿಂದ ಗುಣಿಸುವುದು, ಉತ್ತರ 4 ಆಗದಿದ್ದರೆ ಕ್ರಮ ಮುರಿಯುತ್ತದೆ. ಕ್ರಮಗಳು ಮುರಿಯಲೂಬಹುದು ಎಂದು ಯಾರಾದರೂ ಆಕ್ಷೇಪಿಸಿದರೆ ಸಂತೋಷಪಡಿ, ಅವರಿಗೆ ಇನ್ನೊಂದು ದಾರಿಯಿದೆ. 4 ಮತ್ತು −4ರ ಮೊತ್ತ ಸೊನ್ನೆ. ಅದನ್ನು −3ರಿಂದ ಗುಣಿಸಿದರೂ ಸೊನ್ನೆ. ಇದನ್ನು (−3)×(4+(−4)) ಎಂದು ಬರೆದು ಆವರಣವನ್ನು ಬಿಡಿಸಿದಾಗ ಮೊದಲ ಪದ −12. ಮೊತ್ತ ಸೊನ್ನೆಯಾಗಬೇಕಾದರೆ ಎರಡನೆಯ ಪದ, ಅಂದರೆ (−3)×(−4), 12 ಆಗಲೇಬೇಕು. ಧನಸಂಖ್ಯೆಗಳಿಗೆ ನಡೆಯುತ್ತಿದ್ದ ವಿಭಾಜಕ ನಿಯಮವನ್ನು ಋಣಸಂಖ್ಯೆಗಳಿಗೂ ಉಳಿಸಿಕೊಳ್ಳಬೇಕೆಂದರೆ ಬೇರೆ ದಾರಿಯಿಲ್ಲ.

ಸಮಯದ ಲೆಕ್ಕಾಚಾರವನ್ನು ವರ್ಷಪೂರ್ತಿಯ ದೃಷ್ಟಿಯಿಂದ ಮಾಡಿ ನೋಡಿ. ಬ್ರಿಟನ್ನಿನ ಗಣಿತ ಶಿಕ್ಷಣತಜ್ಞ ರಿಚರ್ಡ್ ಸ್ಕೆಂಪ್ 1976ರ ಲೇಖನವೊಂದರಲ್ಲಿ, ಏನು ಮಾಡಬೇಕೆಂದು ಮಾತ್ರ ತಿಳಿದಿರುವುದು ಮತ್ತು ಏನು ಮಾಡಬೇಕು, ಏಕೆ ಮಾಡಬೇಕು ಎಂದು ಎರಡನ್ನೂ ತಿಳಿದಿರುವುದು ಎಂದು ಅರಿವನ್ನು ಎರಡಾಗಿ ವಿಂಗಡಿಸಿದರು. ಮೊದಲನೆಯದು ಬೇಗ ಬರುತ್ತದೆ, ಅಂಕವನ್ನೂ ತರುತ್ತದೆ. ಆದರೆ ಪ್ರತಿಯೊಂದು ಹೊಸ ಬಗೆಯ ಲೆಕ್ಕಕ್ಕೂ ಹೊಸ ನಿಯಮವನ್ನು ಬಾಯಿಪಾಠ ಮಾಡಬೇಕಾಗುತ್ತದೆ. ಕೂಡುವಾಗಿನ ಚಿಹ್ನೆಯ ನಿಯಮವನ್ನೂ ಗುಣಿಸುವಾಗಿನ ನಿಯಮವನ್ನೂ ಬೆರೆಸಿಕೊಂಡು −3−4=7 ಎಂದು ಬರೆಯುವ ಹತ್ತನೆಯ ತರಗತಿಯವರಿಗೆ ಮತ್ತೆ ಮತ್ತೆ ಅದನ್ನೇ ತಿದ್ದಲು ನೀವು ಕಳೆಯುವ ಅವಧಿಗಳನ್ನು ಒಟ್ಟುಗೂಡಿಸಿದರೆ, ಆ ಹತ್ತು ನಿಮಿಷ ದುಬಾರಿಯೆನಿಸಲಾರದು. ಪ್ರತಿಯೊಂದಕ್ಕೂ ಕಾರಣ ಹೇಳಬೇಕೆಂದಿಲ್ಲ. ಮಕ್ಕಳು ಕೇಳಿದ್ದಕ್ಕೆ ಹೇಳಿ.

ಪ್ರಶ್ನೆ: ನಮ್ಮಲ್ಲಿ ಒಂದೇ ತರಗತಿಯಲ್ಲಿ ಬಹಳ ಚುರುಕಾದವರೂ ಕೂಡುವುದಕ್ಕೇ ಕಷ್ಟಪಡುವವರೂ ಇದ್ದಾರೆ. ಎಲ್ಲರಿಗೂ ಒಟ್ಟಿಗೆ ಆಸಕ್ತಿ ಮೂಡಿಸುವುದು ಸಾಧ್ಯವೇ?
— ಒಬ್ಬ ಮುಖ್ಯ ಶಿಕ್ಷಕರು

ಉತ್ತರ: ಎಲ್ಲ ದಿನವೂ ಸಾಧ್ಯವಿಲ್ಲ. ಆದರೆ ಎಲ್ಲರೂ ಆರಂಭಿಸಬಲ್ಲ, ಕೆಲವರು ಬಹುದೂರ ಒಯ್ಯಬಲ್ಲ ಪ್ರಶ್ನೆಗಳಿವೆ. ಉದಾಹರಣೆಗೆ, ಒಂದರ ನಂತರ ಒಂದಾಗಿ ಬರುವ ಎರಡು ಅಥವಾ ಹೆಚ್ಚು ಸ್ವಾಭಾವಿಕ ಸಂಖ್ಯೆಗಳ ಮೊತ್ತವಾಗಿ ಯಾವ ಯಾವ ಸಂಖ್ಯೆಗಳನ್ನು ಬರೆಯಬಹುದು? 15ನ್ನು 7+8 ಎಂದೂ, 4+5+6 ಎಂದೂ, 1+2+3+4+5 ಎಂದೂ ಬರೆಯಬಹುದು. ಒಂದರಿಂದ ಮೂವತ್ತೈದರವರೆಗಿನ ಸಂಖ್ಯೆಗಳನ್ನು ಗುಂಪುಗಳಿಗೆ ಹಂಚಿದರೆ, ಕೂಡುವುದರಲ್ಲಿ ಹಿಂದಿರುವವರಿಗೆ ಯಾರೂ ಹೇಳದೆಯೇ ನೂರಾರು ಕೂಡುವ ಲೆಕ್ಕಗಳ ಅಭ್ಯಾಸವಾಗುತ್ತದೆ. ಅವರು ಕಂಡುಹಿಡಿದ ಮೊತ್ತಗಳು ಇಡೀ ತರಗತಿಗೆ ಬೇಕಾದ ಮಾಹಿತಿಯೂ ಆಗುತ್ತವೆ. ಬೆಸ ಸಂಖ್ಯೆಗಳೆಲ್ಲ ಸುಲಭವೆಂದು ಯಾರೋ ಗಮನಿಸುತ್ತಾರೆ, ಒಂದನ್ನು ಬಿಟ್ಟು. ಕಪ್ಪುಹಲಗೆಯ ಮೇಲೆ 1, 2, 4, 8, 16, 32 ಮಾತ್ರ ಖಾಲಿ ಉಳಿದಾಗ, ಅದೇಕೆ ಎಂಬುದು ಚುರುಕಾದವರನ್ನು ಒಂದು ವಾರ ಕಾಡಬಲ್ಲ ಪ್ರಶ್ನೆ. ಉತ್ತರವನ್ನು ನಾನು ಇಲ್ಲಿ ಬರೆಯುವುದಿಲ್ಲ, ನೀವೂ ಬೇಗ ಹೇಳಬೇಡಿ.

ಪ್ರಶ್ನೆ: ಕ್ಯಾಲ್ಕುಲೇಟರ್ ಇರುವಾಗ ಮಗ್ಗಿ, ಸೂತ್ರಗಳ ಬಾಯಿಪಾಠ ಬೇಕೇ? ಅದರಿಂದಲೇ ಮಕ್ಕಳಿಗೆ ಬೇಸರವಲ್ಲವೇ?
— ಒಬ್ಬ ತಂದೆ

ಉತ್ತರ: ಮಗ್ಗಿ ಬೇಕು. 72ನ್ನು ಕಂಡೊಡನೆ 8 ಮತ್ತು 9 ಹೊಳೆಯದ ವಿದ್ಯಾರ್ಥಿಗೆ ಅಪವರ್ತನ ಕ್ರಮ ಹಿಂಸೆಯಾಗುತ್ತದೆ, ಅವನ ಬೇಸರ ಹುಟ್ಟುವುದು ಅಲ್ಲಿಂದ. ಸೂತ್ರಗಳನ್ನಾದರೋ ಬಳಸುತ್ತ ಬಳಸುತ್ತ ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಒಂದೇ ಬಗೆಯ ಇಪ್ಪತ್ತು ಲೆಕ್ಕಗಳನ್ನು ಒಂದೇ ದಿನ ಮಾಡಿಸುವುದಕ್ಕಿಂತ, ಬೇರೆ ಬೇರೆ ಅಧ್ಯಾಯಗಳ ಆರು ಲೆಕ್ಕಗಳನ್ನು ಬೆರೆಸಿ ಕೊಡುವುದು ಹೆಚ್ಚು ಫಲಕಾರಿ, ಏಕೆಂದರೆ ಆಗ ಯಾವ ವಿಧಾನ ಎಂಬುದನ್ನೂ ವಿದ್ಯಾರ್ಥಿಯೇ ಆರಿಸಬೇಕಾಗುತ್ತದೆ.

ಪ್ರಶ್ನೆ: ರೇಖಾಗಣಿತದ ಪ್ರಮೇಯಗಳನ್ನು ಮಕ್ಕಳು ಅಕ್ಷರಗಳೊಂದಿಗೆ ಬಾಯಿಪಾಠ ಮಾಡುತ್ತಾರೆ. ಚಿತ್ರದಲ್ಲಿ ABC ಬದಲು PQR ಎಂದು ಬರೆದರೆ ದಿಕ್ಕು ತಪ್ಪುತ್ತಾರೆ. ಸಾಧನೆಯಲ್ಲಿ ರುಚಿ ಹುಟ್ಟಿಸುವುದು ಹೇಗೆ?
— ಒಬ್ಬ ಶಿಕ್ಷಕಿ

ಉತ್ತರ: ಸಾಧನೆಯ ಅಗತ್ಯವೇ ಕಾಣದವರಿಗೆ ಅದರ ರುಚಿ ಸಿಗಲಾರದು. ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ ಎಂಬುದು ಅವರಿಗೆ ಚಿಕ್ಕ ತರಗತಿಯಿಂದಲೇ ಗೊತ್ತು, ಗೊತ್ತಿರುವುದನ್ನು ಮತ್ತೆ ಏಕೆ ಸಾಧಿಸಬೇಕು? ಆದ್ದರಿಂದ ಮೊದಲು ಆ ನಂಬಿಕೆಯನ್ನು ಅಲುಗಾಡಿಸಿ. ಪ್ರತಿಯೊಬ್ಬರೂ ತಮಗಿಷ್ಟವಾದ ತ್ರಿಭುಜ ಬರೆದು, ಕೋನಮಾಪಕದಿಂದ ಅಳೆದು, ಮೊತ್ತವನ್ನು ತಿದ್ದದೆ ಹೇಳಬೇಕು. 178, 181, 179.5 ಹೀಗೆ ಉತ್ತರಗಳು ಬರುತ್ತವೆ. ಇವುಗಳಲ್ಲಿ ಯಾವುದು ನಿಜ? ಮೂಲೆಗಳನ್ನು ಹರಿದು ಜೋಡಿಸಿದರೆ ಸರಳರೇಖೆಯಂತೆ ಕಾಣುತ್ತದೆ. ಆದರೆ ಕಾಣುವುದು ಬೇರೆ, ಇರುವುದು ಬೇರೆಯಾಗಿರಬಹುದಲ್ಲ? ಅಳತೆಯಿಂದ ತೀರದ ಈ ವ್ಯಾಜ್ಯ, ಶೃಂಗದ ಮೂಲಕ ಎದುರು ಬಾಹುವಿಗೆ ಸಮಾಂತರವಾಗಿ ಒಂದು ರೇಖೆ ಎಳೆದು ಪರ್ಯಾಯ ಕೋನಗಳನ್ನು ಗುರುತಿಸಿದಾಗ ಒಂದೇ ಏಟಿಗೆ, ಎಲ್ಲ ತ್ರಿಭುಜಗಳಿಗೂ ಸೇರಿ ತೀರುತ್ತದೆ. ಈ ಹಂತದಲ್ಲಿ ಚಿತ್ರಕ್ಕೆ ಅಕ್ಷರಗಳನ್ನೇ ಕೊಡದೆ ಬಣ್ಣಗಳಿಂದ ಕೋನಗಳನ್ನು ಸೂಚಿಸಿದರೆ ಬಾಯಿಪಾಠಕ್ಕೆ ಆಸರೆ ಇರುವುದಿಲ್ಲ. ಮೂಲೆಯನ್ನು ಹಿಡಿದು ಎಳೆದಾಡಿ ನೋಡಲು ಜಿಯೋಜೀಬ್ರಾದಂತಹ ತಂತ್ರಾಂಶ ಅನುಕೂಲ, ಆದರೆ ಮೊತ್ತ ಬದಲಾಗುತ್ತದೆಯೇ ಎಂದು ಮೊದಲು ಊಹಿಸಿ ಬರೆದ ಮೇಲೆಯೇ ಎಳೆಯಬೇಕು.

ಎಲ್ಲರೂ ಸಾಧನೆಯನ್ನು ಒಪ್ಪಿದ ಮೇಲೆ, ಮರುದಿನ ಒಂದು ಚೆಂಡನ್ನು ತರಗತಿಗೆ ತನ್ನಿ. ಅದರ ಮೇಲಿನ ಧ್ರುವದಿಂದ ಮಧ್ಯದ ಸುತ್ತುಗೆರೆಯವರೆಗೆ ನೇರವಾಗಿ ಒಂದು ಗೆರೆ, ಆ ಸುತ್ತುಗೆರೆಯ ಉದ್ದಕ್ಕೂ ಕಾಲು ಭಾಗದಷ್ಟು ಇನ್ನೊಂದು ಗೆರೆ, ಅಲ್ಲಿಂದ ಮತ್ತೆ ಧ್ರುವಕ್ಕೆ ಮೂರನೆಯ ಗೆರೆ ಎಳೆಯಿರಿ. ಮೂರೂ ಕೋನಗಳು ಲಂಬಕೋನಗಳು, ಮೊತ್ತ 270 ಡಿಗ್ರಿ. ನಿನ್ನೆ ಸಾಧಿಸಿದ್ದು ಸುಳ್ಳಾಯಿತೇ ಎಂದು ಅವರು ಕೇಳುತ್ತಾರೆ. ಸುಳ್ಳಾಗಲಿಲ್ಲ, ಆದರೆ ನಿನ್ನೆಯ ಸಾಧನೆಯ ಯಾವುದೋ ಒಂದು ಸಾಲು ಚೆಂಡಿನ ಮೇಲೆ ನಡೆಯುವುದಿಲ್ಲ. ಟಿಪ್ಪಣಿ ಪುಸ್ತಕ ತೆರೆದು ಆ ಸಾಲು ಯಾವುದೆಂದು ಹುಡುಕಲು ಹೇಳಿ. ಸಮಾಂತರ ರೇಖೆಯನ್ನು ಎಳೆಯುವ ಆ ಸಾಲಿನ ಹತ್ತಿರ ಬಂದು ನಿಲ್ಲುವವರೆಗೆ ಬಾಯಿ ಬಿಡಬೇಡಿ.